ಊರ ಕಡೆ ತಿರುಗಿದ್ದ ಜೀಪು

ಯಾರಾದರೂ ಇಂಥ ಸಂಗತಿ ಹೇಳತೊಡಗಿದರೆ ನಾನು ನಯವಾಗಿ ತಲೆಯಾಡಿಸುತ್ತಲೇ ಅವರು ಎಲ್ಲಿ ಎಡವಿದ್ದಾರೆ ಎಂದು ಮನಸ್ಸಿನಲ್ಲಿ ಹುಡುಕುತ್ತಿದ್ದೆ. ಕಾನ್ವೆಂಟಿನಲ್ಲಿ ಗಣಿತ ಕಲಿಸಿದ ಸಿಸ್ಟರ್ ಹಚ್ಚಿದ ಅಭ್ಯಾಸ ಅದು. ಉತ್ತರ ತಪ್ಪು ಬಂತೆಂದರೆ ಯಾವುದೋ ಒಂದು ಸಾಲಿನಲ್ಲಿ ತಪ್ಪಿರಲೇಬೇಕು, ಹಿಂದಕ್ಕೆ ಹೋಗಿ ನೋಡು ಎನ್ನುತ್ತಿದ್ದರು. ಮೂರು ವರ್ಷದ ಹಿಂದಿನ ನನ್ನದೇ ಸಂಗತಿಯನ್ನು ಎಷ್ಟೋ ಸಲ ಹಿಂದಕ್ಕೆ ಹೋಗಿ ನೋಡಿದ್ದೇನೆ. ತಪ್ಪಿದ ಸಾಲು ಸಿಕ್ಕಿಲ್ಲ.

ನಮ್ಮ ಮನೆ ಜೇವರ್ಗಿಯಲ್ಲಿ. ಹೊಲಕ್ಕೆ ಓಡಾಡಲು ನಮ್ಮ ಯಜಮಾನರು ಇಟ್ಟುಕೊಂಡ ಹಳೆಯ ಜೀಪಿದೆ. ಮಗಳು ಹಾಸ್ಟೆಲ್ಲಿಗೆ ಹೋದ ವರ್ಷ, ರಾಶಿ ಮುಗಿದ ಹೊಲಗಳಲ್ಲಿ, ಹಳ್ಳದ ಮರಳಿನಲ್ಲಿ ನಾನು ಅದನ್ನು ಓಡಿಸಲು ಕಲಿತೆ. ರಸ್ತೆ ಇಲ್ಲದ ಕಡೆ ಓಡಿಸುವ ಖುಷಿ ಹತ್ತಿದ ಮೇಲೆ, ಒಬ್ಬಳೇ ಗುಡ್ಡಕ್ಕೆ ಹೋಗಿ ಟೆಂಟ್ ಹಾಕಿ ಒಂದು ರಾತ್ರಿ ಇದ್ದು ಬರಬೇಕೆಂಬ ಆಸೆ ಹುಟ್ಟಿತು. ಎರಡು ವರ್ಷ ಕೇಳಿದ ಮೇಲೆ ಅವರು ಕೀಲಿ ಕೊಟ್ಟರು.

"ಒಂದ್ ಸಲ ಹೋಗಿ ಬಾ. ಜೀಪ್ ಎಲ್ಲ್ಯಾರ ಹುಗದು ನಾ ಟ್ರ್ಯಾಕ್ಟರ್ ತಗೊಂಡು ಎಳಿಯಾಕ ಬರೂ ಹಂಗಾತಂದ್ರ, ಮುಂದ ಕೀಲಿ ಮಾತು ತೆಗಿಬ್ಯಾಡ."

"ಹೂಂ ರಿ" ಎಂದೆ. ನಗುತ್ತಲೇ ಹೇಳಿದ್ದರೂ ಅದು ತಮಾಷೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಕಡೆಯ ಗುಡ್ಡಗಳೆಂದರೆ ದೊಡ್ಡವೇನಲ್ಲ. ನರೋಣಾ ದಾಟಿ ಬಂಡಿದಾರಿಗೆ ಇಳಿದು, ಕಲ್ಲು ಹಾಸಿನ ಮೇಲೆ ನಿಧಾನ ಏರಿಸುತ್ತ ಹೋದೆ. ಇಳಿಹೊತ್ತಿಗೆ ನೆತ್ತಿಯ ಹತ್ತಿರ ಒಂದು ಸಪಾಟು ಜಾಗ ಸಿಕ್ಕಿತು. ಅರ್ಧ ಸಣ್ಣ ಕಲ್ಲಿನ ಗಟ್ಟಿ ಗರಸು ನೆಲ, ಅರ್ಧ ಎರೆಮಣ್ಣು. ಆಚೆ ಪಶ್ಚಿಮಕ್ಕೆ ಇಳಿಜಾರು, ಅದರ ಕೆಳಗೆ ಕೊರಕಲು. ಸೂರ್ಯಾಸ್ತ ಕಾಣಲಿ ಎಂದು ಜೀಪನ್ನು ಅತ್ತಲೇ ಮುಖ ಮಾಡಿ ಎರೆಯ ಮೇಲೆ ನಿಲ್ಲಿಸಿ, ಮುಂದಿನ ಎರಡು ಚಕ್ರಗಳಿಗೆ ಕಲ್ಲು ಕೊಟ್ಟೆ.

ಟೆಂಟಿನ ಗೂಟ ಬಡಿಯುತ್ತಿದ್ದಾಗ ತೊಗರಿಕಟ್ಟಿಗೆಯ ಹೊರೆ ಹೊತ್ತ ಒಬ್ಬ ಮುದುಕಿ ಬಂದು ನಿಂತಳು. ಹೆಸರು ಈರಮ್ಮ, ಕೆಳಗೇ ಹೊಲ.

"ಒಬ್ಬಾಕೆ ಬಂದೀಯೇನಬೇ? ಗಂಡ ಮನಿ ಬಿಡಿಸ್ಯಾನೇನು?"

"ಇಲ್ರಿ ಅಮ್ಮ, ಸುಮ್ನ ಬಂದೇನ್ರಿ. ಇಲ್ಲೇ ಮಲಗಿ ಮುಂಜಾನೆ ಹೋಗ್ತೇನಿ."

"ಮನ್ಯಾಗ ಗಾದಿ ಬಿಟ್ಟು ಕಲ್ಲಿನ ಮ್ಯಾಲ ಮಲಗಾಕ ಎಣ್ಣಿ ಸುಟ್ಕೊಂಡು ಬಂದಿ! ಶಾಣ್ಯಾಕಿ ಅದಿ ಬಿಡು." ಆಕೆ ಜೀಪನ್ನು ಒಂದು ಸುತ್ತು ನೋಡಿದಳು. "ಇದರ ಮಾರಿ ಊರ ಕಡಿ ಮಾಡಿ ನಿಲ್ಲಿಸು. ನಾವು ಬಂಡಿ ಮಾರಿ ತಿರುಗಿಸಿದ ಮ್ಯಾಲೇನ ಎತ್ತು ಬಿಡ್ತೇವಿ. ಮಳಿ ಬಿದ್ದ ಮ್ಯಾಲ ತಿರುಗಿಸ್ತೇನಂದ್ರ ಎರಿ ಕೇಳಂಗಿಲ್ಲ."

"ಇದಕ್ಕ ರಿವರ್ಸ್ ಗೇರ್ ಅದರಿ."

"ಹಂಗಾದ್ರ ಎರಿಗೆ ಹೇಳು, ಗೇರ್ ಅದ ಅಂತ" ಎಂದು ನಕ್ಕು ಇಳಿದು ಹೋದಳು.

ನಾನು ತಿರುಗಿಸಲಿಲ್ಲ. ಆಕಾಶ ಶುಭ್ರವಾಗಿತ್ತು, ರಾಶಿಯ ಕಾಲ ಮುಗಿದಿತ್ತು, ಮಳೆ ಎಲ್ಲಿಂದ ಬರಬೇಕು? ಸೂರ್ಯ ಇಳಿಯುವಾಗ ಜೀಪಿನದೊಂದು ಫೋಟೋ ತೆಗೆದೆ. ಆಮೇಲೆ ಅದರ ಹಿಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಕೊನೆಯ ತುತ್ತಿಗೆ ದಪ್ಪ ಹನಿಗಳು ಬಿದ್ದವು. ಡಬ್ಬಿ ಎತ್ತಿಕೊಂಡು ಟೆಂಟಿಗೆ ಓಡಿದೆ. ಮಳೆ ಜೋರಾಯಿತು. ಈರಮ್ಮನ ಮಾತು ನೆನಪಾಯಿತು. ಆದರೆ ಆಗಲೇ ಎರೆ ನೆನೆದಿತ್ತು, ಮಾಡುವುದೇನೂ ಉಳಿದಿರಲಿಲ್ಲ. ಟ್ರ್ಯಾಕ್ಟರ್ ಬರುವುದು, ನಮ್ಮವರು ಒಂದೂ ಮಾತಾಡದೆ ಹಗ್ಗ ಕಟ್ಟುವುದು, ಎಲ್ಲ ಕಣ್ಣ ಮುಂದೆ ಬಂತು. ಅಳುತ್ತಲೇ ನಿದ್ದೆ ಹತ್ತಿತು.

ಬೆಳಕು ಹರಿದ ಮೇಲೆ ಜಿಪ್ ಎಳೆದು ಹೊರಗೆ ನೋಡಿದೆ. ಜೀಪು ಊರ ಕಡೆ ಮುಖ ಮಾಡಿ ನಿಂತಿತ್ತು.

ಮೊದಲು ನನಗೇ ದಿಕ್ಕು ತಪ್ಪಿದೆ ಅಂದುಕೊಂಡೆ. ಆದರೆ ಸೂರ್ಯ ಬಾನೆಟ್ಟಿನ ಎದುರಿಗೇ ಏರುತ್ತಿದ್ದ. ಮುಂದಿನ ಚಕ್ರಗಳು ಗಟ್ಟಿ ಗರಸಿನ ಮೇಲಿದ್ದವು. ನಾನಿಟ್ಟ ಎರಡು ಕಲ್ಲುಗಳು ಈಗ ಹಿಂದಿನ ಚಕ್ರಗಳ ಹಿಂದೆ, ಇಳಿಜಾರಿನ ಕಡೆ, ಸರಿಯಾಗಿ ಕೂತಿದ್ದವು. ಸುತ್ತಲಿನ ಹಸಿ ಎರೆಯಲ್ಲಿ ಚಕ್ರದ ಗುರುತಿಲ್ಲ, ಹೆಜ್ಜೆಯೂ ಇಲ್ಲ. ಬಗ್ಗಿ ನೋಡಿದರೆ ಜೀಪಿನ ಕೆಳಗಿನ ನೆಲ ಒಣಗಿಯೇ ಇತ್ತು. ಅಂದರೆ ಮಳೆಗೆ ಮುಂಚೆಯೇ ಅದು ಹಾಗೆ ನಿಂತಿರಬೇಕು. ಮಳೆಗೆ ಮುಂಚೆ ಅದಕ್ಕೆ ಒರಗಿ ಕೂತಿದ್ದವಳು ನಾನೇ.

ನಿದ್ದೆಯಲ್ಲಿ ನಾನೇ ಎದ್ದು ತಿರುಗಿಸಿದೆನೋ? ನಾನು ಗಿಡ್ಡಿ, ಬೆನ್ನಿಗೆ ದಿಂಬಿಲ್ಲದೆ ನನ್ನ ಕಾಲು ಕ್ಲಚ್ಚಿಗೆ ಮುಟ್ಟುವುದಿಲ್ಲ. ಆ ದಿಂಬು ಟೆಂಟಿನಲ್ಲಿ ನನ್ನ ತಲೆಯ ಕೆಳಗಿತ್ತು, ಕೀಲಿ ಅದರ ಗವಸಣಿಗೆಯೊಳಗಿತ್ತು. ಬೆಳಿಗ್ಗೆ ಮೆಟ್ಟುವಾಗ ಚಪ್ಪಲಿಗೂ ಮಣ್ಣು ಹತ್ತಿರಲಿಲ್ಲ.

ಹೆಚ್ಚು ಹೊತ್ತು ನಿಲ್ಲಲು ಧೈರ್ಯವಾಗದೆ ಟೆಂಟ್ ಸುತ್ತಿ ಹೊರಟೆ. ಹಿಂದಿನ ಚಕ್ರಗಳು ಎರಡು ಸಲ ಜಾರಿದವು, ಮುಂದಿನವು ಗರಸನ್ನು ಹಿಡಿದು ಎಳೆದವು. ನನ್ನ ಜೀಪು ಸಂಜೆ ನಿಲ್ಲಿಸಿದ ಹಾಗೆಯೇ ಇದ್ದಿದ್ದರೆ ಕೊರಕಲಿಗೆ ಜಾರುತ್ತಿದ್ದುದರಲ್ಲಿ ಸಂಶಯವಿಲ್ಲ.

ಹೋಳಿ ಕಳೆದ ಮೇಲೆ ಮನಸ್ಸು ತಡೆಯದೆ ಈರಮ್ಮನ ಮನೆ ಹುಡುಕಿಕೊಂಡು ಹೋದೆ. ಆಕೆ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಜೀಪು ತಿರುಗಿಸಿದವರು ಯಾರೆಂದು ಕೇಳಿದೆ.

"ಯಾರ್ ಅಂದ್ರ? ನೀನಽ ತಿರುಗಿಸಿದ್ದಿ. ನಾ ಕೆಳಗಿಳಿಯೂ ಮುಂದ ಹೊಳ್ಳಿ ನೋಡಿದೆ, ಆಗಳೇ ಮಾರಿ ಊರ ಕಡಿ ಇತ್ತು. ಹುಡುಗಿ ಮಾತು ಕೇಳ್ತದ ಅಂತ ನಕ್ಕೋತ ಹೋದೆ."

ನಾನು ಫೋನ್ ತೆಗೆದು ಫೋಟೋ ತೋರಿಸಿದೆ. ಜೀಪಿನ ಮುಖ ನೇರ ಮುಳುಗುವ ಸೂರ್ಯನ ಕಡೆಗಿದೆ. ಎಡಗಡೆ ಕೆಳಗೆ, ಕಾಲುದಾರಿಯಲ್ಲಿ, ಹೊರೆ ಹೊತ್ತ ಹೆಂಗಸೊಬ್ಬಳು ಹಿಂತಿರುಗಿ ನೋಡುತ್ತಿದ್ದಾಳೆ. ಈರಮ್ಮ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಮುಖದ ನಗು ಹೋಯಿತು.

"ಈಕಿ ನಾನಽ ಖರೆ" ಎಂದಳು. "ಜೀಪ್ ಮಾತ್ರ ಹಿಂಗ ಇದ್ದಿಲ್ಲ."

ಆಕೆ ಚಹಾ ಕೊಟ್ಟಳು. ಕುಡಿದು ಹೊರಟು ಬಂದೆ.

ಒಂದು ಮಾತು ಉಳಿಯಿತು. ಗುಡ್ಡದಿಂದ ಮನೆಗೆ ಬಂದ ಆ ದಿನ ನಮ್ಮವರು ಚಕ್ರಕ್ಕೆ ಮೆತ್ತಿದ ಎರೆ ನೋಡಿ ಗಾಬರಿಯಾದರು. "ಈ ಮಳ್ಯಾಗ ಹೆಂಗ ಬಂದಿ?" ಎಂದರು. "ಊರ ಕಡಿ ಮಾರಿ ಮಾಡಿ ನಿಲ್ಲಿಸಿದ್ದೆ ರಿ" ಎಂದುಬಿಟ್ಟೆ. "ಇದು ನನಗೂ ಹೊಳೀತಿದ್ದಿಲ್ಲ ನೋಡು" ಎಂದರು. ಅಂದಿನಿಂದ ಕೀಲಿ ಬಾಗಿಲ ಹಿಂದಿನ ಮೊಳೆಗೇ ಇರುತ್ತದೆ, ನಾನು ಕೇಳಬೇಕಿಲ್ಲ. ನಾಲ್ಕು ಸಲ ಒಬ್ಬಳೇ ಹೋಗಿ ಬಂದಿದ್ದೇನೆ. ನಾನು ಹೇಳಿದ್ದು ಸುಳ್ಳೋ, ನಿಜವೋ ಎಂಬುದು ನನಗೇ ತಿಳಿಯದು. ಇದನ್ನು ಓದಿದ ದಿನ ಅವರು ಕೇಳಿದರೆ ಏನು ಹೇಳಲಿ ಎಂಬುದೂ ತಿಳಿಯದು.