ನೀಲ್ ಬೇಡ ಎಂದರು ಮಾವ

ಐದು ದಿನದ ರಜೆಯಲ್ಲಿ ಅಂಡಮಾನಿನ ಎಷ್ಟು ದ್ವೀಪ ನೋಡಬಹುದು ಎಂಬ ಜಗಳ ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಎರಡು ವಾರ ನಡೆಯಿತು. ನನ್ನ ಗಂಡನಿಗೆ ಎರಡು ಸಾಕಿತ್ತು. ದೋಣಿ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದರಲ್ಲೇ ರಜೆ ಮುಗಿದುಹೋಗುತ್ತದೆ ಎನ್ನುವುದು ಅವರ ವಾದ. ಹತ್ತನೇ ತರಗತಿಯ ಪರೀಕ್ಷೆ ಬರೆದು ಮುಗಿಸಿದ್ದ ಮಗಳಿಗೆ ನಾಲ್ಕು ಬೇಕಿತ್ತು. ನನಗೆ ಎಷ್ಟಾದರೂ ಸರಿಯೇ, ಅಲ್ಲಿ ನಾನು ಅಡುಗೆ ಮಾಡುವಂತಿರಬಾರದು, ಅಷ್ಟೇ.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮಹಡಿಯ ಮೇಲೆ ಪುಟ್ಟ ಆಫೀಸು ಇಟ್ಟುಕೊಂಡಿದ್ದ ಟ್ರಾವೆಲ್ ಏಜೆಂಟ್ ನಮಗೊಂದು ಬಣ್ಣದ ನಕ್ಷೆ ಕೊಟ್ಟಿದ್ದ. ಅದರಲ್ಲಿ ದ್ವೀಪಗಳ ಹೊಸ ಹೆಸರುಗಳಷ್ಟೇ ಇದ್ದವು. ಮನೆಗೆ ತಂದ ದಿನದಿಂದ ಅದು ಊಟದ ಮೇಜಿನ ಮೇಲೇ ಇತ್ತು. ಮಗಳು ಅದರ ಮೇಲೆ ಪೆನ್ಸಿಲಿನಲ್ಲಿ ಸುತ್ತು ಹಾಕುವುದು, ಅವಳಪ್ಪ ಅಳಿಸುವುದು ನಡೆದೇ ಇತ್ತು.

ಹೊರಟಿದ್ದು ನಾವು ಮೂವರೇ. ಅತ್ತೆ ಮಾವ, ಅಂದರೆ ನನ್ನ ಗಂಡನ ತಂದೆ ತಾಯಿ, ಬನಶಂಕರಿಯ ಮನೆಯಲ್ಲಿ ನಮ್ಮೊಂದಿಗೇ ಇರುತ್ತಾರೆ. ಮಾವನನ್ನು ಕರೆದಾಗ ಅವರು ಎಂದಿನಂತೆ, "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ" ಅಂದುಬಿಟ್ಟರು. ಮಾವ ಬರುವುದಿಲ್ಲವೆಂದರೆ ಅತ್ತೆಯೂ ಬರುವುದಿಲ್ಲ. ನಾನು ಸೊಸೆಯಾಗಿ ಬಂದಾಗಿನಿಂದ ಅದೇ ನಿಯಮ.

ಮಾವನಿಗೆ ನೀರೆಂದರೆ ಆಗದು ಎನ್ನುವುದು ನಮ್ಮ ಮನೆಯ ಹಳೆಯ ತಮಾಷೆ. ರಂಗನತಿಟ್ಟಿಗೆ ಹೋದಾಗ ನಾವೆಲ್ಲ ದೋಣಿ ಹತ್ತಿದರೆ ಅವರು ಟಿಕೆಟ್ ಕೌಂಟರಿನ ಪಕ್ಕದ ಬೆಂಚಿನಲ್ಲಿ ಕೂತು ಕಡಲೆಕಾಯಿ ತಿಂದರು. ಕಾವೇರಿ ಸ್ನಾನ ಅಂದರೆ ಅವರಿಗೆ ತಂಬಿಗೆಯಲ್ಲಿ ತಂದ ನೀರನ್ನು ತಲೆಯ ಮೇಲೆ ಚಿಮುಕಿಸಿಕೊಳ್ಳುವುದು. ನನ್ನ ಗಂಡ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಗೆಳೆಯರೊಂದಿಗೆ ವಸಂತಪುರದ ಆಚೆ ಯಾವುದೋ ತೋಟದ ಬಾವಿಯಲ್ಲಿ ಈಜು ಕಲಿಯಲು ಹೋಗಿದ್ದರಂತೆ. ಮನೆಗೆ ಬಂದಾಗ ಒದ್ದೆ ತಲೆ ನೋಡಿದ ಮಾವ ಬೆಲ್ಟ್ ತೆಗೆದು ಬಾರಿಸಿದ್ದರು. ಯಾರಿಗೂ ಗದರಿದ್ದೇ ಇಲ್ಲದ ಮನುಷ್ಯ ಜೀವಮಾನದಲ್ಲಿ ಹೊಡೆದದ್ದು ಅದೊಂದೇ ಸಲ. ಅದನ್ನೂ ನಾವು ನಗುತ್ತಲೇ ಹೇಳಿಕೊಳ್ಳುತ್ತಿದ್ದೆವು.

ಆ ಭಾನುವಾರ ಬೆಳಗ್ಗೆ ತಿಂಡಿ ಆಗಿತ್ತು. ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡಿದ್ದ ಮಾವ ಕಿಟಕಿಯ ಪಕ್ಕ ಕೂತು ಪೇಪರ್ ಓದುತ್ತಿದ್ದರು. ಅತ್ತೆ ಮೊರದಲ್ಲಿ ದಂಟಿನಸೊಪ್ಪು ಬಿಡಿಸುತ್ತಿದ್ದರು. ಏಜೆಂಟ್ ಮರುದಿನವೇ ದೋಣಿಯ ಸೀಟು ಕಾಯ್ದಿರಿಸಬೇಕು ಅಂದಿದ್ದರಿಂದ ಮಗಳು ನಕ್ಷೆಯ ಮೇಲೆ ಬಗ್ಗಿ ಕೊನೆಯ ವಾದ ಹೂಡಿದ್ದಳು.

"ಸ್ವರಾಜ್ ದ್ವೀಪ ಪಕ್ಕಾ. ಅದು ಬಿಟ್ರೆ ಶಹೀದ್ ದ್ವೀಪಕ್ಕೆ ಹೋಗ್ಲೇಬೇಕು. ಸಖತ್ತಾಗಿದೆ ಅಮ್ಮ, ಚಿಕ್ಕದು, ಸೈಕಲ್‌ನಲ್ಲೇ ಪೂರ್ತಿ ಸುತ್ತಬಹುದಂತೆ. ಇದಕ್ಕೆ ಹಳೇ ಹೆಸ್ರು ನೀಲ್ ಅಂತೆ."

"ನೀಲ್ ಬೇಡ" ಅಂದರು ಮಾವ.

ಪೇಪರಿನ ಹಿಂದಿನಿಂದ ಬಂದ ಮಾತು. ಮಗಳು ನಕ್ಕಳು. "ಯಾಕೆ ತಾತ?"

"ಬೇಡ ಅಂದ್ನಲ್ಲ. ಅಲ್ಲಿ ದೊಡ್ಡ ಬೋಟು ದಡಕ್ಕೆ ಬರೋದಿಲ್ಲ. ಮಧ್ಯದಲ್ಲೇ ಇಳಿದು ಸಣ್ಣ ದೋಣಿ ಹತ್ಬೇಕು."

ನನ್ನ ಗಂಡ, "ಅದೆಲ್ಲ ಯಾವ ಕಾಲದ್ದು ಅಪ್ಪ? ಟೀವಿಲಿ ನೋಡಿದ್ರಾ?" ಅಂದರು.

ಮಾವ ಪೇಪರ್ ಮಡಿಸಿ ತೊಡೆಯ ಮೇಲಿಟ್ಟರು. "ನಾನು ಅಲ್ಲಿದ್ದೆ. ಪೋರ್ಟ್ ಬ್ಲೇರ್‌ನಲ್ಲಿ. ಎರಡು ವರ್ಷ."

ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತು. "ಯಾವಾಗ?"

"ಮದ್ವೆಗೆ ಮುಂಚೆ."

"ಆವಾಗ ಮದ್ರಾಸಲ್ಲಿ ಇದ್ರಲ್ಲ ನೀವು?"

"ಮದ್ರಾಸಲ್ಲಿ ಇರ್ಲಿಲ್ಲ. ಅಂಡಮಾನಲ್ಲಿದ್ದ ಹುಡುಗನಿಗೆ ಯಾರೂ ಹೆಣ್ಣು ಕೊಡಲ್ಲ ಅಂತ ನಮ್ಮಪ್ಪ ಹಾಗೆ ಹೇಳಿದ್ರು. ಆಮೇಲೆ ಅದೇ ಉಳ್ಕೊಂಡ್ಬಿಡ್ತು."

ಐವತ್ತು ವರ್ಷದ ಸಂಸಾರದಲ್ಲಿ ಮದ್ರಾಸಿನ ಎಷ್ಟು ಕಥೆ ಕೇಳಿದ್ದರೋ ಅತ್ತೆ! ನಾನೇ ಕೇಳಿದ್ದೆ: ಅಲ್ಲಿಯ ಸೆಕೆ, ಮೆಸ್ಸಿನ ರಸಂ, ರೂಮಿನ ಕಿಟಕಿಯಿಂದ ಕಾಣುತ್ತಿದ್ದ ಸಮುದ್ರ. ಸಮುದ್ರವೊಂದು ನಿಜವಾಗಿತ್ತು. ಊರು ಬೇರೆ.

ಅಲ್ಲಿಗೇ ಮುಗಿದಿದ್ದರೂ ನಮಗೆ ವರ್ಷಕ್ಕಾಗುವಷ್ಟು ಆಶ್ಚರ್ಯವಿತ್ತು. ಆದರೆ ಮಗಳು, "ಹಾಗಾದ್ರೆ ನೀಲ್ ಯಾಕೆ ಬೇಡ ತಾತ?" ಎಂದು ಮತ್ತೆ ಕೇಳಿದಳು. ಮಾವ ಹೇಳಿದರು. ಲೆಡ್ಜರಿನಿಂದ ಓದುವವರ ಹಾಗೆ, ದನಿ ಏರದೆ ಇಳಿಯದೆ ಹೇಳಿದರು.

ಅವರು ಅಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ನೀಲ್‌ನಲ್ಲಿ ಬಂಗಾಳದ ಕಡೆಯಿಂದ ಬಂದ ನಿರಾಶ್ರಿತರು ಕಾಡು ಕಡಿದು ತರಕಾರಿ ಬೆಳೆಯಲು ಶುರುಮಾಡಿದ್ದ ಕಾಲ. ಯಾವುದೋ ಕಾಗದಗಳಿಗೆ ಅವರ ಸಹಿ ಹಾಕಿಸಿಕೊಂಡು ಬರಲು ಮಾವನನ್ನು ಕಳಿಸಿದ್ದರು. ಕೆಲಸ ಮುಗಿಸಿ ಮಧ್ಯಾಹ್ನ ದೊಡ್ಡ ಬೋಟಿನವರೆಗೆ ಹೋಗಲು ಸಣ್ಣ ದೋಣಿ ಹತ್ತಿದರು. ಹತ್ತು ಹನ್ನೊಂದು ಜನ ಇದ್ದರಂತೆ. ಪಕ್ಕದಲ್ಲಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಕೈಯಲ್ಲಿ ಶಂಖದ ಬಿಳಿ ಬಳೆ. ಇವರ ಬಾಯಿ ಒಣಗಿದ್ದು ನೋಡಿ ಒಂದು ಸೌತೆಕಾಯಿ ಕೊಟ್ಟಳು. ಇವರು ತಿಂದರು. ಅಷ್ಟರಲ್ಲಿ ಅಲೆ ಅಡ್ಡ ಬಂದು ದೋಣಿ ಮಗುಚಿತು.

"ನನಗೆ ಈಜು ಬರ್ತಿರ್ಲಿಲ್ಲ. ಒಂದು ಹಲಗೆ ಸಿಕ್ತು, ತಬ್ಕೊಂಡೆ. ಕೆಳಗಿಂದ ಯಾರೋ ನನ್ನ ಕಾಲು ಹಿಡ್ಕೊಂಡ್ರು. ಹಲಗೆ ಮುಳುಗ್ತಾ ಇತ್ತು. ಒದ್ದೆ. ಬಿಡ್ಲಿಲ್ಲ. ಇನ್ನೊಂದು ಸಲ ಒದ್ದೆ. ಬಿಟ್ಟೋಯ್ತು."

ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು.

"ಆಮೇಲೆ?" ಅಂದರು ನನ್ನ ಗಂಡ.

"ಬೇರೆ ದೋಣಿಯವರು ಎಳೆದು ಮರಳ ಮೇಲೆ ಹಾಕಿದ್ರು. ಜನ ಕೂಗಾಡ್ತಿದ್ರು. ನಾನು ತಲೆ ಎತ್ಲಿಲ್ಲ. ಯಾರು ಸಿಕ್ಕಿದ್ರು, ಯಾರು ಸಿಗ್ಲಿಲ್ಲ, ಕೇಳ್ಲೇ ಇಲ್ಲ. ವಾಪಸ್ ಹೋಗಿ ರಜಾ ಚೀಟಿ ಬರೆದೆ. ವರ್ಗ ಮಾಡಿಸ್ಕೊಂಡು ಬಂದ್ಬಿಟ್ಟೆ."

ಮಗಳು ಎದ್ದು ತನ್ನ ಕೋಣೆಗೆ ಹೋದಳು. ಗಂಡನ ಮುಖ ಕೆಂಪಾಗಿತ್ತು. "ಅದಕ್ಕಾ ಅವತ್ತು ನನಗೆ ಬೆಲ್ಟ್‌ನಲ್ಲಿ ಹೊಡೆದಿದ್ದು?"

"ಹೂಂ" ಅಂದರು ಮಾವ. ಮತ್ತೆ ಪೇಪರ್ ಬಿಡಿಸಿಕೊಂಡರು, ಆದರೆ ಓದಲಿಲ್ಲ.

ನನಗೆ ಏನಾಯಿತೆಂದು ಹೇಳಲು ಈಗಲೂ ಸಂಕೋಚ. ಎದುರಿಗೆ ಕೂತಿದ್ದ ಅವರ ಪಾದಗಳ ಮೇಲೆ ನನ್ನ ಕಣ್ಣು ನೆಟ್ಟಿತ್ತು. ಹಿಮ್ಮಡಿ ಬಿರಿದ, ಸಣಕಲು, ಮುದಿ ಪಾದಗಳು. ಹಬ್ಬಹಬ್ಬಕ್ಕೂ ಮುಟ್ಟಿ ನಮಸ್ಕಾರ ಮಾಡಿದ್ದೇನೆ. ಮಗಳ ಹಣೆಯನ್ನೂ ಮುಟ್ಟಿಸಿದ್ದೇನೆ. ಆಮೇಲಿನ ಎರಡು ದಿನ ಕಾಫಿ ಕೊಡುವಾಗ ನಾನು ಲೋಟವನ್ನು ಅವರ ಕೈಗಿಡದೆ ಸ್ಟೂಲಿನ ಮೇಲಿಟ್ಟು ಬಂದೆ. ಅವರ ಜಾಗದಲ್ಲಿ ನಾನಿದ್ದರೆ ಒದೆಯುತ್ತಿರಲಿಲ್ಲವೇ ಎಂದು ಕೇಳಿಕೊಂಡೆ. ಒದೆಯುತ್ತಿದ್ದೆ ಅನ್ನಿಸಿತು. ಹಾಗನ್ನಿಸಿದ ಮೇಲೂ ಲೋಟ ಸ್ಟೂಲಿನ ಮೇಲೇ ಇಟ್ಟೆ.

ಏಜೆಂಟ್ ಫೋನ್ ಮಾಡುತ್ತಲೇ ಇದ್ದ. "ಮೇಡಂ, ಎರಡು ದ್ವೀಪನಾ ಮೂರಾ? ಶಹೀದ್ ಹಾಕ್ಲಾ ಬಿಡ್ಲಾ? ಸೀಟು ಹೋಗ್ಬಿಡುತ್ತೆ." ನಾಳೆ ಹೇಳುತ್ತೇನೆ ಎಂದು ನಾನು ಮೂರು ಸಲ ಹೇಳಿದೆ. ಟ್ರಿಪ್ಪೇ ಬೇಡ ಎಂದು ಗಂಡ. ಅತ್ತೆ ಮಾತೇ ಆಡುತ್ತಿರಲಿಲ್ಲ. ಮಾವನ ತಟ್ಟೆ ಬಡಿಸಿಟ್ಟು, ತಮ್ಮದನ್ನು ಹಿತ್ತಲಿಗೆ ಒಯ್ದು ಊಟ ಮಾಡುತ್ತಿದ್ದರು.

ಗುರುವಾರ ಬೆಳಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು.

"ಆ ಏಜೆಂಟ್‌ಗೆ ಹೇಳು. ನೀಲ್ ಹಾಕ್ಸು. ನನಗೂ ಟಿಕೆಟ್ ಮಾಡ್ಸು."

ನಾನು ಒಲೆ ಆರಿಸಿದೆ. "ಮಾವ?"

"ಅವರ ತಂಗಿ ಇದ್ದಾಳಲ್ಲ ವಿಲ್ಸನ್ ಗಾರ್ಡನ್‌ನಲ್ಲಿ, ಅಲ್ಲಿರ್ಲಿ ಐದು ದಿನ."

"ಅಲ್ಲಿ ಹೋಗಿ ಏನ್ಮಾಡ್ತೀರಿ ಅತ್ತೆ?"

"ಅವರು ಕೇಳ್ಲಿಲ್ಲ ಅಂದ್ರಲ್ಲ. ನಾನು ಕೇಳ್ತೀನಿ."

ಊಟದ ಹೊತ್ತಿಗೆ ಮಾವನಿಗೂ ಹಾಗೇ ಹೇಳಿದರು. ಮಾವ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಹಾಕಿದರು. "ಸತ್ಲು ಅಂತ ಹೇಳಿದ್ರೆ?"

"ಸತ್ಲು ಅಂತಾನೇ ಬಂದು ಹೇಳ್ತೀನಿ" ಅಂದರು ಅತ್ತೆ.

ಹೊರಡುವ ದಿನ ಮಾವನನ್ನು ವಿಲ್ಸನ್ ಗಾರ್ಡನ್ನಿಗೆ ಬಿಟ್ಟುಬರಲು ಆಟೋದಲ್ಲಿ ನಾನೇ ಹೋದೆ. ಲಾಲ್‌ಬಾಗಿನ ಗೋಡೆಯ ಪಕ್ಕ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಅವರು ಹೊರಗೆ ನೋಡುತ್ತಲೇ, "ಯಾರೋ ಕಾಲು ಹಿಡ್ಕೊಂಡ್ರು ಅಂದೆ ಅವತ್ತು. ಯಾರೋ ಅಲ್ಲಮ್ಮ. ಎರಡನೇ ಸಲ ಒದೆಯೋವಾಗ ಬಳೆ ಕಾಣಿಸ್ತು" ಅಂದರು.

ವಿಮಾನದಲ್ಲಿ ಅತ್ತೆಯ ಪಕ್ಕ ಕೂತು ಅದನ್ನು ಅವರ ಕಿವಿಯಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ, "ಗೊತ್ತಿತ್ತು" ಅಂದರು. ಹೇಗೆ ಗೊತ್ತಿತ್ತೋ ಹೇಳಲಿಲ್ಲ.

ಮೊದಲ ದ್ವೀಪ ನನಗೆ ಸರಿಯಾಗಿ ನೆನಪೇ ಇಲ್ಲ. ಮಗಳು ಫೋಟೋ ತೆಗೆದಿದ್ದರಿಂದ ನಾವು ಅಲ್ಲಿದ್ದದ್ದು ಖಾತ್ರಿ. ಮೂರನೇ ದಿನ ನೀಲ್‌ಗೆ ಹೋದೆವು. ಈಗ ಅಲ್ಲಿ ಉದ್ದನೆಯ ಕಾಂಕ್ರೀಟ್ ಜೆಟ್ಟಿ ಇದೆ, ನಡೆದುಕೊಂಡೇ ಇಳಿದೆವು. ಹೋಟೆಲಿನಲ್ಲಿ ಚೀಲ ಇಟ್ಟವರೇ ಅತ್ತೆ ಸೀರೆಯ ಮೇಲೆ ಮೊಮ್ಮಗಳ ಕ್ಯಾನ್ವಾಸ್ ಶೂ ಹಾಕಿಕೊಂಡು, "ಮಾರ್ಕೆಟ್ ಎಲ್ಲಿ ಕೇಳು" ಅಂದರು.

ಮಾರ್ಕೆಟ್ ಅಂದರೆ ಒಂದು ಸಣ್ಣ ಚೌಕ, ಸುತ್ತ ಅಂಗಡಿಗಳು, ನೆಲದ ಮೇಲೆ ತರಕಾರಿ. ಚಹಾ ಅಂಗಡಿಯ ವಯಸ್ಸಾದ ಯಜಮಾನನನ್ನು ನನ್ನ ಹರಕು ಹಿಂದಿಯಲ್ಲಿ ವಿಚಾರಿಸಿದೆ. ಆ ಕಾಲದಲ್ಲಿ ದೋಣಿ ಮಗುಚಿದ್ದು ಎಷ್ಟೋ ಸಲ, ಯಾವುದು ಅಂತ ಹೇಳಲಿ ಎಂದು ಆತ ಕೈಯಾಡಿಸಿ, ಬದನೆಕಾಯಿ ರಾಶಿಯ ಹಿಂದೆ ಕೂತಿದ್ದ ಮುದುಕಿಯೊಬ್ಬಳನ್ನು ತೋರಿಸಿದ. ನಾನು ಮತ್ತೆ ಮೊದಲಿನಿಂದ ಹೇಳಿದೆ. ಮುದುಕಿ ಪೂರ್ತಿ ಕೇಳಿಸಿಕೊಂಡು, ನಿಮಗೇಕೆ ಇದೆಲ್ಲ ಅಂದಳು.

ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಮುಂದೆ ಬಂದರು. "ಮೇರಾ ಆದ್ಮಿ" ಎಂದು ತಮ್ಮ ತಾಳಿ ಮುಟ್ಟಿ ತೋರಿಸಿದರು. ಆಮೇಲೆ ಹಿಂದಿ ಸಿಗದೆ, ಮೊಮ್ಮಗಳ ಶೂ ಹಾಕಿದ್ದ ಕಾಲನ್ನು ಎತ್ತಿ ಗಾಳಿಯಲ್ಲಿ ಒದ್ದರು. ಎರಡು ಸಲ.

ಊರವರೆಲ್ಲ ಈಗ ನಮ್ಮ ಮೇಲೆ ಬೀಳುತ್ತಾರೆ ಅಂದುಕೊಂಡೆ.

ಮುದುಕಿ ಅತ್ತೆಯನ್ನೇ ದಿಟ್ಟಿಸಿದಳು. ಆಮೇಲೆ ಪಕ್ಕದವಳ ಕಡೆ ತಿರುಗಿ ಬಂಗಾಳಿಯಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು. ನಿಜವಾಗಿ ನಕ್ಕರು, ಬಾಯಿಗೆ ಸೆರಗು ಹಿಡಿದು.

ಪಕ್ಕದವಳಿಗೆ ಚೆನ್ನಾಗಿ ಹಿಂದಿ ಬರುತ್ತಿತ್ತು. ಸೌತೆಕಾಯಿ ಕೊಟ್ಟ ಆ ಹೆಂಗಸು ತನ್ನ ಅತ್ತೆಯೇ ಅಂದಳು. ಅವಳು ಸಾಯಲಿಲ್ಲ. ಮುಂದಿನ ಎರಡು ಹಲ್ಲು ಹೋಗಿತ್ತು. ಈಜು ಬರುತ್ತಿದ್ದವಳು, ಬುಟ್ಟಿ ಹಿಡಿದುಕೊಂಡೇ ದಡ ಸೇರಿದಳು. ಈಗ ಕೆಲವು ವರ್ಷಗಳ ಹಿಂದೆ ಮುದುಕಿಯಾಗಿ ತೀರಿಕೊಂಡಳು. ಸಾಯುವತನಕ ಹೇಳುತ್ತಿದ್ದಳಂತೆ: ಆಫೀಸಿನ ಬಾಬು ನನ್ನ ಸೌತೆಕಾಯಿ ತಿಂದು ನನ್ನ ಹಲ್ಲನ್ನೇ ಉದುರಿಸಿದ. ಮಕ್ಕಳಿಗೆ ಈಜು ಕಲಿಸುವಾಗಲೆಲ್ಲ ಊರಿನಲ್ಲಿ ಆ ಬಾಬುವಿನ ಕಥೆ ಹೇಳುತ್ತಿದ್ದರಂತೆ. ಅವಳು ಕಾಲು ಹಿಡಿದದ್ದು ಮುಳುಗುತ್ತಿದ್ದುದಕ್ಕಲ್ಲ, ಹೆದರಿ ಹಲಗೆಯನ್ನು ಕೆಳಕ್ಕೆ ಅದುಮುತ್ತಿದ್ದ ಅವನನ್ನು ದಡಕ್ಕೆ ಎಳೆಯಲು.

ಅತ್ತೆಗೆ ನಾನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದೆ. ಕೊನೆಯದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಆ ಮಾರ್ಕೆಟ್ಟಿನ ನೆಲದ ಮೇಲೆ, ಬದನೆಕಾಯಿಗಳ ಎದುರಿಗೆ ಕೂತುಬಿಟ್ಟರು. ಮುದುಕಿ ನೀರು ಕೊಟ್ಟಳು.

ವಿಲ್ಸನ್ ಗಾರ್ಡನ್ನಿಗೆ ಅತ್ತೆ ನೇರವಾಗಿ ಏರ್‌ಪೋರ್ಟಿನಿಂದಲೇ ಹೋದರು. ನಾನೂ ಇದ್ದೆ. ಮಾವ ಬಾಗಿಲಲ್ಲೇ ನಿಂತಿದ್ದರು. "ಬದುಕಿದ್ಲು" ಅಂದರು ಅತ್ತೆ, ಚಪ್ಪಲಿ ಕೂಡ ಬಿಡದೆ. ಆಮೇಲೆ ಹಲ್ಲು, ಬಾಬು, ನಗು, ದಡಕ್ಕೆ ಎಳೆದದ್ದು, ಒಂದನ್ನೂ ಬಿಡದೆ ಹೇಳಿದರು.

ಮಾವನಿಗೆ ಸಮಾಧಾನವಾಗುತ್ತದೆಂದು ನಾನು ತಿಳಿದಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಗೋಡೆ ಹಿಡಿದು ಕೂತರು. "ಹಾಗಾದ್ರೆ ಒಂದು ಸಲ ತಲೆ ಎತ್ತಿ ನೋಡಿದ್ರೆ ಸಾಕಾಗಿತ್ತು."

"ಹೂಂ. ಸಾಕಾಗಿತ್ತು" ಅಂದರು ಅತ್ತೆ.

ಅವತ್ತು ಮಾವ ಊಟ ಮಾಡಲಿಲ್ಲ. ಮನೆಗೆ ಬಂದ ಮೇಲೂ ಹಲವು ದಿನ ಮಾತು ಕಡಿಮೆ ಇತ್ತು. ನನ್ನ ಗಂಡ ಒಂದು ಸಂಜೆ ಹೋಗಿ ಅಪ್ಪನ ಪಕ್ಕ ಕೂತರು. ಇಬ್ಬರೂ ಕ್ರಿಕೆಟ್ ನೋಡಿದರು, ಅಷ್ಟೇ.

ಅತ್ತೆ ಮಾತ್ರ ಬಿಡಲಿಲ್ಲ. ಈಗ ದಿನಾ ತಿಂಡಿಯಾದ ಮೇಲೆ ಮಾವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮದ್ರಾಸು ಎಂದು ಸುಳ್ಳು ಹೇಳಿದ ಎರಡು ವರ್ಷವನ್ನು ಮೊದಲಿನಿಂದ, ತಿಂಗಳು ತಿಂಗಳಾಗಿ ಹೇಳಬೇಕು. ರೂಮಿನಲ್ಲಿ ಯಾರಿದ್ದರು, ಅನ್ನ ಯಾರು ಮಾಡುತ್ತಿದ್ದರು, ಬಟ್ಟೆ ಎಲ್ಲಿ ಒಣಗಿಸುತ್ತಿದ್ದರು, ಎಲ್ಲ ಬೇಕು. ಮಾವ ಮರೆತಿದ್ದೇನೆ ಎಂದರೆ, "ನೆನಪು ಮಾಡ್ಕೊಳ್ಳಿ, ನನಗೇನು ಅವಸರ ಇಲ್ಲ" ಎನ್ನುತ್ತಾರೆ. ನಿನ್ನೆಗೆ ಮಾವ ಮೊದಲ ವರ್ಷದ ಮಳೆಗಾಲ ಮುಟ್ಟಿದ್ದರು.