ಊರಿಗೆ ಹೋದವರು

ಹಣೆಯ ಮೂರು ಗೆರೆ ವಿಭೂತಿ ಬೆಳಿಗ್ಗೆ ಹತ್ತು ಗಂಟೆಯೊಳಗೆ ಬೆವರಿಗೆ ಕರಗಿ ಅವರ ಹುಬ್ಬಿಗಿಳಿದಿರುತ್ತಿತ್ತು. ಒರೆಸಿಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ. ಆ ಬಿಳಿ ಹುಬ್ಬಿನಲ್ಲೇ ಮೆಟ್ಟಿಲ ಕೆಳಗೆ ಟಾರ್ಚ್ ಹಿಡಿದು ನಿಂತು ನಮ್ಮ ಕರೆಂಟ್ ಮೀಟರ್ ಓದುತ್ತಿದ್ದರು. ಚೆನ್ನೈಯ ವೇಲಚೇರಿಯ ಆ ಕಟ್ಟಡದಲ್ಲಿ ನಾಲ್ಕು ಬಾಡಿಗೆ ಮನೆ. ನಾಲ್ಕರ ಮೀಟರೂ ಅವರ ಬಾಗಿಲ ಪಕ್ಕದಲ್ಲೇ. ನಾವೆಲ್ಲ ಅವರನ್ನು ಓನರಮ್ಮ ಎನ್ನುತ್ತಿದ್ದೆವು.

ಮಾವನ ಕಾಲದಲ್ಲೇ ದಾವಣಗೆರೆ ಕಡೆಯಿಂದ ಬಟ್ಟೆ ವ್ಯಾಪಾರಕ್ಕೆಂದು ಬಂದು ನೆಲೆನಿಂತ ಲಿಂಗಾಯತರ ಮನೆ ಅವರದು. ಕನ್ನಡದವರೆಂದು ನಮಗೆ ಮನೆ ಕೊಟ್ಟರೇ ಹೊರತು ರಿಯಾಯಿತಿ ಕೊಡಲಿಲ್ಲ. “ಐದನೇ ತಾರೀಖು ಅಂದ್ರೆ ಐದು. ಸುಳ್ಳು ನೆಪ ಎಲ್ಲ ನಂಗೆ ಪಿಡಿಕ್ಕಾದು ಮಾ, ಹಿಡಿಸೋದೇ ಇಲ್ಲ” ಎಂದು ಮೊದಲ ದಿನವೇ ಹೇಳಿದ್ದರು. ಯೂನಿಟ್ಟಿಗೆ ಸರ್ಕಾರದ್ದಕ್ಕಿಂತ ಹೆಚ್ಚು ಹಿಡಿಯುತ್ತಾರೆ ಎಂದು ನಾನು ಮೈಸೂರಿನ ಅಕ್ಕನಿಗೆ ಫೋನ್ ಮಾಡಿ ಅವರನ್ನು ಆಡಿಕೊಳ್ಳುತ್ತಿದ್ದೆ. ನನಗಿದ್ದ ಖರ್ಚಿಲ್ಲದ ಮನರಂಜನೆ ಅದೊಂದೇ.

ಒಂದು ವರ್ಷ ಯಜಮಾನರ ಕಂಪನಿಯಲ್ಲಿ ಸಂಬಳವನ್ನು ಅರ್ಧಕ್ಕಿಳಿಸಿದರು. ಬಾಡಿಗೆ, ಕರೆಂಟು, ನೀರಿನ ಕ್ಯಾನು, ಮಗಳ ಸ್ಕೂಲ್ ವ್ಯಾನು ಎಂದು ತೆಗೆದಿಟ್ಟ ಮೇಲೆ ತರಕಾರಿ ಕೊಳ್ಳಲೂ ಹಿಂದೆಮುಂದೆ ನೋಡಬೇಕಾಯಿತು. ಅಷ್ಟರಲ್ಲಿ ನವರಾತ್ರಿ ಬಂತು. ಚೆನ್ನೈಯಲ್ಲಿ ನವರಾತ್ರಿ ಎಂದರೆ ಸಂಜೆ ಮನೆಮನೆಗೆ ಹೋಗಿ ಗೊಂಬೆ ನೋಡಿ ತಾಂಬೂಲ ತರುವುದು. ತಂದ ಮೇಲೆ ಅವರನ್ನೂ ಕರೆದು ಕೊಡಬೇಕು. ಬರೀ ಎಲೆ ಅಡಿಕೆಯಲ್ಲ, ಜೊತೆಗೆ ರವಿಕೆ ಕಣವೋ ಸ್ಟೀಲ್ ಡಬ್ಬಿಯೋ ಇರಲೇಬೇಕು. ಹಿಂದಿನ ವರ್ಷ ಎಲ್ಲರಿಗಿಂತ ದೊಡ್ಡ ಡಬ್ಬಿ ಹಂಚಿ ಮೆರೆದವಳು ಈ ಮಹಾರಾಯಿತಿಯೇ. ಈಗ ಕೈಯಲ್ಲಾಗದು ಎನ್ನಲು ನಾಲಿಗೆ ಏಳಲಿಲ್ಲ. ಹಬ್ಬಕ್ಕೆ ಊರಿಗೆ ಹೋಗುತ್ತಿದ್ದೇವೆ ಎಂದು ಕಟ್ಟಡಕ್ಕೆಲ್ಲ ಹೇಳಿಬಿಟ್ಟೆ. ನಿಜವಾಗಿ ಹೋಗೋಣವೆಂದರೆ ರೈಲಿನ ಖರ್ಚಿಗೂ ತತ್ವಾರ.

ಗ್ರಿಲ್ ಬಾಗಿಲ ಸಂದಿಯಿಂದ ಕೈ ಹಾಕಿ ಹೊರಗಿನಿಂದ ಬೀಗ ಜಡಿದು, ಒಳಬಾಗಿಲು ಮುಚ್ಚಿ, ಹಬ್ಬದ ಕಡೆಯ ಮೂರು ದಿನ ಮೂವರೂ ಒಳಗೇ ಕುಳಿತೆವು. ದೀಪ ಹಾಕಲಿಲ್ಲ. ಕುಕ್ಕರ್ ಕೂಗೀತೆಂದು ಪಾತ್ರೆಯಲ್ಲಿ ಅನ್ನ ಬಸಿದೆ. ಫ್ಯಾನ್ ಇಲ್ಲದೆ ಮಾತ್ರ ಆ ಸೆಕೆಯಲ್ಲಿ ಜೀವ ಹಿಡಿದುಕೊಳ್ಳಲಾಗಲಿಲ್ಲ; ಅದೊಂದನ್ನು ಆಗಾಗ ಹಾಕಿ ಆರಿಸುತ್ತಿದ್ದೆವು. ನಮ್ಮನ್ನು ಪೊಲೀಸರು ಹುಡುಕುತ್ತಿದ್ದಾರಾ ಎಂದು ಐದು ವರ್ಷದ ಮಗಳು ತಮಿಳಿನಲ್ಲಿ ಪಿಸುಗುಟ್ಟಿದಳು. ಯಜಮಾನರು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಸರಸ್ವತಿ ಪೂಜೆಯ ಸಂಜೆ ಎದುರು ಮನೆಯಾಕೆ ನಮ್ಮ ಗ್ರಿಲ್ಲಿನ ಬಳಿ ನಿಂತು, ಒಳಗೆ ಫ್ಯಾನ್ ಸದ್ದು ಕೇಳುತ್ತಿದೆಯಲ್ಲ ಎಂದು ಯಾರಿಗೋ ಹೇಳಿದಳು. ನಾನು ಮಗಳ ಬಾಯಿಗೆ ಕೈ ಅಡ್ಡ ಹಿಡಿದೆ. ಅಷ್ಟರಲ್ಲಿ ಮೆಟ್ಟಿಲಿಂದ ಓನರಮ್ಮನ ದನಿ ಬಂತು. “ಅವಂಗ ಊರುಕ್ಕು ಪೋಯಿಟ್ಟಾಂಗ. ನಾನ್‌ದಾನ್ ಆಟೋ ಏತ್ತಿವಿಟ್ಟೇನ್.” ಅವರು ಊರಿಗೆ ಹೋದರು, ಆಟೋ ಹತ್ತಿಸಿದ್ದೇ ನಾನು ಎಂಬ ಹಸಿ ಸುಳ್ಳು. ಫ್ಯಾನ್ ಆರಿಸಲು ಮರೆತಿದ್ದಾರೆ ಎಂದೂ ಸೇರಿಸಿ, ಆಕೆಯನ್ನು ಕೆಳಗೆ ಕರೆದುಕೊಂಡು ಹೋದರು. ನಾವು ಫ್ಯಾನ್ ಹಾಕಿ ಆರಿಸಿದಂತೆಲ್ಲ ನಮ್ಮ ಮೀಟರಿನ ಕೆಂಪು ದೀಪ ಮೂರು ದಿನದಿಂದ ಅವರ ಕಣ್ಣೆದುರೇ ಮಿಟುಕಿ ನಿಲ್ಲುತ್ತಿತ್ತೆಂಬುದು ನನ್ನ ತಲೆಗೆ ಹೊಳೆದದ್ದು ಆಗ. ಮೊದಲ ದಿನದಿಂದಲೇ ಅವರಿಗೆ ಗೊತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ತಿಂಗಳ ಕೊನೆಗೆ ಆ ಮೂರು ದಿನದ ಯೂನಿಟ್ಟನ್ನೂ ಬಿಡದೆ ಲೆಕ್ಕಕ್ಕೆ ಸೇರಿಸಿದರು. ಆಮೇಲೆ ಟಾರ್ಚ್ ಆರಿಸಿ, ನನ್ನ ಕಡೆ ನೋಡದೆ ಹೇಳಿದರು: “ಬಂದೋರಿಗೆ ಒಂದು ಚಿಟಿಕೆ ಕುಂಕುಮ ಕೊಟ್ರೆ ಸಾಕು ಮಾ. ಕೂಸನ್ನ ಕತ್ತಲಲ್ಲಿ ಕೂರಿಸಬೇಡ.”

ನಾನು ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿದೆ. ಉಪಕಾರ ಮಾಡಿದವರ ಮುಖ ನೋಡುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅವರು ಮೀಟರ್ ಓದುವ ಹೊತ್ತಿಗೆ ಸರಿಯಾಗಿ ನನಗೆ ಮನೆಯಲ್ಲಿ ಏನಾದರೂ ಕೆಲಸ ಬರುತ್ತಿತ್ತು. ಸಂಬಳ ಸರಿಹೋದ ಕೂಡಲೇ, ಮಗಳ ಸ್ಕೂಲು ದೂರ ಎಂಬ ನೆಪ ಹೇಳಿ ಬೇರೆ ಬಾಡಿಗೆ ಮನೆ ಹಿಡಿದೆವು.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ತಿಳಿದು ಮಗಳೊಂದಿಗೆ ಹೋದೆ. ಅವರನ್ನು ಹೂವಿನ ನಡುವೆ ಕೂರಿಸಿದ್ದರು. ಇವತ್ತಾದರೂ ಬಾಯಿಬಿಟ್ಟು ಹೇಳಬೇಕು, ನಿಮ್ಮ ಅತ್ತೆ ನನ್ನ ಮಾನ ಕಾಪಾಡಿದರು ಎನ್ನಬೇಕು ಎಂದುಕೊಂಡು ಸೊಸೆಯ ಹತ್ತಿರ ನಿಂತೆ. ಆಕೆಯೇ ನನ್ನ ಗುರುತು ಹಿಡಿದು, ಅಳುವಿನ ನಡುವೆಯೂ ಸಣ್ಣಗೆ ನಕ್ಕಳು.

“ನವರಾತ್ರಿಗೆ ಫ್ಯಾನ್ ಆಫ್ ಮಾಡದೇನೇ ಊರಿಗೆ ಹೋಗಿದ್ದೋರು ನೀವೇ ಅಲ್ವಾ ಅಕ್ಕಾ? ಅತ್ತೆ ಯಾವಾಗ್ಲೂ ಹೇಳಿ ನಗೋರು.”

ಮನೆಯವರಿಗೂ ಅವರು ನಿಜ ಹೇಳಿರಲಿಲ್ಲ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಓನರಮ್ಮನ ಎದುರಿಗೇ ನಿಂತು ನಾನು, “ಹೌದು, ಮರೆತುಹೋಗಿತ್ತು” ಎಂದೆ.