ನಮ್ಮ ಕತ್ತರಿ, ಕೆನಡಾದ ಡಬ್ಬಿ

ಜಯಲಕ್ಷ್ಮಿಪುರಂನಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಮಗಳನ್ನು ಶಾಲೆಗೆ ಸೇರಿಸಿದ ವರ್ಷ ತೆರೆದದ್ದು. ಈಗ ಅವಳೇ ತನ್ನ ಮಗಳನ್ನು ಶಾಲೆಗೆ ಬಿಟ್ಟು ಬರುತ್ತಾಳೆ. ಇಷ್ಟು ಕಾಲ ಮಾತ್ರೆ ಕೊಟ್ಟೂ ಕೊಟ್ಟೂ, ಮಾತ್ರೆ ಕೊಡುವುದಕ್ಕೆ ಬೇರೆ ರೀತಿಗಳೂ ಇರಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಕೆನಡಾದ ಮಹಿಳೆಯೊಬ್ಬರು ಅಂಗಡಿಗೆ ಬಂದರು. ವಯಸ್ಸು ನಲವತ್ತರ ಆಚೆ. ಯೋಗ ಕಲಿಯಲು ಬಂದು, ಹಿಂದಿನ ರಸ್ತೆಯ ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದರು. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಗಾಜಿನ ಮೇಲಿಟ್ಟು, "ಇದು ಮುಗಿಯುತ್ತಾ ಬಂತು. ನಿಮ್ಮಲ್ಲಿ ಸಿಗುತ್ತದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಅವರ ಹೆಸರು, ಅವರ ಡಾಕ್ಟರ ಹೆಸರು, ಮಾತ್ರೆಯ ಹೆಸರು, ಯಾವಾಗ ನುಂಗಬೇಕು, ಇನ್ನೆಷ್ಟು ಸಲ ಕೊಡಬಹುದು ಎಲ್ಲವೂ ಅಚ್ಚಾಗಿತ್ತು. ಹೊಟ್ಟೆಯುರಿಗೆ ಕೊಡುವ ಮಾಮೂಲಿ ಮಾತ್ರೆ. ಒಳಗಿನದನ್ನು ಒಮ್ಮೆ ನೋಡೋಣವೆಂದು ಮುಚ್ಚಳ ತಿರುಗಿಸಿದೆ. ಟಕಟಕ ಎಂದು ಸದ್ದು ಮಾಡುತ್ತಾ ಸುಮ್ಮನೆ ತಿರುಗಿತೇ ಹೊರತು ಬಿಚ್ಚಿಕೊಳ್ಳಲಿಲ್ಲ. ಸೆರಗಿನಲ್ಲಿ ಹಿಡಿದು ತಿರುಗಿಸಿದರೂ ಅಷ್ಟೇ. ಅಂಗಡಿಯ ಮುಂದೆ ಎಳನೀರು ಮಾರುವಾತ ನೋಡುತ್ತಲೇ ಇದ್ದ.

"ಕೊಡಿ ಮೇಡಂ ಇಲ್ಲಿ. ದಿನಾ ಬುಂಡೆ ಕೆತ್ತೋ ಕೈ ಕಣ್ರೀ ಇದು," ಎಂದು ಇಸಿದುಕೊಂಡ. ಹಲ್ಲು ಕಚ್ಚಿ ತಿರುಗಿಸಿದ. ಮುಖ ಕೆಂಪಾಯಿತು, ಡಬ್ಬಿ ಬಾಯಿ ಬಿಡಲಿಲ್ಲ.

ಆಕೆ ನಗುತ್ತಾ ಡಬ್ಬಿ ತೆಗೆದುಕೊಂಡು, ಮುಚ್ಚಳವನ್ನು ಅಂಗೈಯಲ್ಲಿ ಒತ್ತಿ ತಿರುಗಿಸಿದರು. ತೆರೆದುಕೊಂಡಿತು. "ಚಿಕ್ಕ ಮಕ್ಕಳ ಕೈಗೆ ಮಾತ್ರೆ ಸಿಗಬಾರದು ಅಂತ ಹೀಗೆ ಮಾಡಿರುತ್ತಾರೆ," ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಎಳನೀರಿನವನು, "ಮಕ್ಕಳಿರ್ಲಿ ಬುಡಿ, ದೊಡ್ಡೋರ ಗತಿ ಏನು?" ಎಂದು ತನ್ನ ಗಾಡಿಗೆ ಹೋದ.

ನಾನು ಅದೇ ಮಾತ್ರೆಯ ಪಟ್ಟಿಯೊಂದನ್ನು ತೆಗೆದು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದೆ. ಸದ್ಯಕ್ಕೆ ಅಷ್ಟು ಸಾಕೆಂದು ಅವರೇ ಹೇಳಿದ್ದರು. ಅವರ ಕಣ್ಣು ಕತ್ತರಿಯ ಮೇಲೆಯೇ ಇತ್ತು.

"ನನ್ನ ಡಾಕ್ಟರಿಗೆ ಫೋನ್ ಮಾಡಿ ಕೇಳುವುದಿಲ್ಲವೇ?"

"ಈಗ ನಿಮ್ಮ ಡಾಕ್ಟರು ಮಲಗಿರುತ್ತಾರಲ್ಲವೇ?" ಎಂದೆ.

ಜೋರಾಗಿ ನಕ್ಕರು. ಆಮೇಲೆ ಕತ್ತರಿಸಿದ ತುಂಡನ್ನು ಹಿಂದೆ ಮುಂದೆ ತಿರುಗಿಸಿ, "ಅವಧಿ ಮುಗಿಯುವ ದಿನಾಂಕ ಎಲ್ಲಿ?" ಎಂದರು. ಅದು ನನ್ನ ಕೈಯಲ್ಲುಳಿದ ಅರ್ಧದಲ್ಲಿತ್ತು. ದಿನಾಂಕವಿರುವ ತುದಿಯನ್ನು ಕೊನೆಗೆ ಉಳಿಸಿಕೊಂಡು ಕತ್ತರಿಸುವುದು ನಮ್ಮ ಕಸುಬಿನ ಅಭ್ಯಾಸ. ಮಾತ್ರೆ ಹಾಕಿಕೊಟ್ಟ ಕಾಗದದ ಕವರಿನ ಮೇಲೆ ದಿನಾಂಕ ಬರೆದು ಕೊಟ್ಟೆ. ಹಾಗಾದರೆ ಡಬ್ಬಿಗೆ ಸುರಿದ ಮಾತ್ರೆ ಯಾವ ಕಂಪನಿಯದು, ಯಾವಾಗ ತಯಾರಾದದ್ದು ಎಂದು ಅಲ್ಲಿನವರಿಗೆ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆ ನನಗೂ ಹುಟ್ಟಿತು. ಕೇಳಿಯೇಬಿಟ್ಟೆ.

"ಅಂಗಡಿಯವರನ್ನು ನಂಬುತ್ತಾರೆ," ಎಂದರು ಆಕೆ. ತಮ್ಮತ್ತ ಬೆರಳು ತೋರಿಸಿ, "ಅಂದರೆ ನನ್ನನ್ನು. ನಾನೂ ಇದೇ ಕೆಲಸ ಮಾಡುವುದು."

ಅಲ್ಲಿಂದ ನಮ್ಮ ಗೆಳೆತನ ಶುರುವಾಯಿತು. ಯೋಗ ಮುಗಿಸಿಕೊಂಡು ಬಂದು, ಕಾಫಿ ಲೋಟ ಹಿಡಿದು ಅಂಗಡಿಯ ಮೂಲೆಯಲ್ಲಿ ಕೂರುತ್ತಿದ್ದರು. ದೊಡ್ಡ ಬಾಟಲಿಯಿಂದ ಮಾತ್ರೆಗಳನ್ನು ತಟ್ಟೆಗೆ ಸುರಿದು, ಚಪ್ಪಟೆ ಕಡ್ಡಿಯಿಂದ ಐದೈದಾಗಿ ಸರಿಸಿ ಎಣಿಸುವುದನ್ನು ನನ್ನ ಬಿಲ್ ಪುಸ್ತಕದ ರಟ್ಟಿನಿಂದ ತೋರಿಸಿದರು. ಡಾಕ್ಟರ ಚೀಟಿಯನ್ನು ಅಲ್ಲಿ ಅಂಗಡಿಯಲ್ಲೇ ಇಟ್ಟುಕೊಳ್ಳುತ್ತಾರಂತೆ. ನಾನು ಸೀಲ್ ಹಾಕಿ ವಾಪಸ್ ಕೊಟ್ಟಾಗ ಅವರಿಗೆ ಆಶ್ಚರ್ಯ. ಗಿರಾಕಿಯೊಬ್ಬರು ಖಾಲಿ ಪಟ್ಟಿ ತೋರಿಸಿ "ಇದೇ ಕೊಡಿ" ಎಂದರೆ, ಇನ್ನೊಬ್ಬರು ಮೊಬೈಲಿನಲ್ಲಿ ಮಸುಕಾದ ಫೋಟೋ ತೋರಿಸಿದರೆ, ಬಗ್ಗಿ ನೋಡುತ್ತಿದ್ದರು. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೇಳಿದವರನ್ನು ನಾನು ವಾಪಸ್ ಕಳಿಸಿದಾಗ, ಅವರು ನೇರ ಎದುರಿನ ಮೆಡಿಕಲ್ ಸ್ಟೋರಿಗೆ ಹೋದದ್ದನ್ನೂ ನೋಡಿದರು.

ಒಂದು ದಿನ ಅಂಗಡಿ ತುಂಬಿತ್ತು. ಹಿಂದೆ ನಿಂತಿದ್ದ ಹೆಂಗಸೊಬ್ಬರು ಚೀಟಿ ಚಾಚಿದರು. ನಾನು ಓದಿ, ಎಲ್ಲರ ತಲೆಯ ಮೇಲಿಂದ, "ಮೂಲವ್ಯಾಧಿ ಟ್ಯೂಬು ಯಾರಿಗಮ್ಮಾ, ನಿಮಗಾ ಯಜಮಾನರಿಗಾ?" ಎಂದು ಕೂಗಿದೆ. ಆಕೆ ಮುಖ ತಗ್ಗಿಸಿ, "ನಮ್ಮತ್ತೆಗೆ," ಎಂದರು. ಜನ ಕರಗಿದ ಮೇಲೆ ಕೆನಡಾದಾಕೆ, ನಾನು ಏನು ಕೂಗಿದ್ದೆಂದು ಕೇಳಿದರು. ಹೇಳಿದೆ. ಅವರ ಊರಿನಲ್ಲಿ ಹೊಸ ಔಷಧಿ ಕೊಡುವಾಗ ಗಿರಾಕಿಯನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ ಮಾತಾಡಿಯೇ ಕಳಿಸಬೇಕಂತೆ.

"ಏನು ಮಾತಾಡುತ್ತೀರಿ?" ಎಂದೆ. ನನಗೆ ನಿಜಕ್ಕೂ ಕುತೂಹಲ. ಊಟಕ್ಕೆ ಮುಂಚೆ, ಊಟ ಆದಮೇಲೆ ಎನ್ನುವುದು ಬಿಟ್ಟರೆ ಇನ್ನೇನಿರುತ್ತದೆ?

"ಹೆಚ್ಚಾಗಿ ಕೇಳುತ್ತೇವೆ. ಮಾತ್ರೆ ಶುರುವಾದ ಮೇಲೆ ಏನಾದರೂ ತೊಂದರೆ ಆಯಿತೇ ಅಂತ. ಜನ ತಾವಾಗಿ ಹೇಳುವುದಿಲ್ಲ."

ಅದನ್ನು ಇಲ್ಲಿ ಮಾಡಿದರೆ ಏನಾಗುತ್ತದೋ ನೋಡಬೇಕೆನಿಸಿತು. ಫ್ರಿಜ್ಜಿನ ಪಕ್ಕ ಪೇರಿಸಿದ್ದ ಗ್ಲೂಕೋಸ್ ಪೆಟ್ಟಿಗೆಗಳನ್ನು ಒಳಗೆ ಸಾಗಿಸಿ, ಮಗಳ ಮನೆಯಿಂದ ತಂದ ಎರಡು ಸ್ಟೂಲು ಹಾಕಿದೆ. ಮೊದಲು ಕರೆದದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಮೇಷ್ಟರ ಹೆಂಡತಿಯನ್ನು. ಅವರು ಗಾಬರಿಯಾಗಿ, "ಅಯ್ಯೋ, ಒಳಗ್ಯಾಕೆ ಕರೀತೀರಿ? ರಿಪೋರ್ಟಲ್ಲಿ ಏನಾದ್ರೂ ಬಂದಿದೆಯೇನ್ರೀ?" ಎಂದರು. ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಸಾಕಾಯಿತು. ಮೂಲೆಯಲ್ಲಿದ್ದ ಕೆನಡಾದಾಕೆಗೆ ಮಾತು ತಿಳಿಯದಿದ್ದರೂ ಮುಖ ನೋಡಿಯೇ ತಿಳಿದಿತ್ತು.

ಅದೇ ವಾರ ನಿವೃತ್ತ ಬಸ್ ಚಾಲಕರೊಬ್ಬರು ತಮ್ಮ ಬಿ.ಪಿ. ಮಾತ್ರೆಗೆ ಬಂದರು. ಹಳ್ಳಿಯ ಒಕ್ಕಲು ಮನೆತನದವರು, ಎತ್ತರದ ಆಳು. ಸ್ಟೂಲು ಕಂಡವರೇ ತಾವಾಗಿಯೇ ಕೂತು, "ಒಳ್ಳೆ ಕೆಲ್ಸ ಮಾಡ್ದೆ ಕಣಮ್ಮ, ಮೊಣಕಾಲು ಇಡ್ಕೊಂಡಿತ್ತು," ಎಂದರು. ನಾನು ಎದುರಿನ ಸ್ಟೂಲಿನಲ್ಲಿ ಕೂತೆ.

"ಯಜಮಾನ್ರೇ, ಈ ಮಾತ್ರೆ ಹೆಂಗೆ ಒಗ್ಗಿದೆ ನಿಮಗೆ?"

"ಮಾತ್ರೆದೇನೂ ಇಲ್ಲ ಬುಡು. ಬಿ.ಪಿ. ಹತೋಟೀಲೇ ಅದೆ. ಈ ಒಣಕೆಮ್ಮು ಒಂದು ಜೀವ ತಿಂತದೆ."

"ಕೆಮ್ಮಾ? ಯಾವಾಗಿಂದ?"

"ಯುಗಾದಿ ಆದ್ಮೇಲೆ. ನಮ್ಮನೆಯವಳು ಇಲ್ಲೇ ಅಲ್ವಾ ಸಿರಪ್ ತಗೊಂಡೋಗೋದು? ಎಷ್ಟು ಬಾಟ್ಲಿ ಕುಡುದ್ರೂ ಅಷ್ಟೇಯ."

ಅವರ ಹೆಂಡತಿ ಸಂಜೆ ತರಕಾರಿಗೆ ಬಂದಾಗ ಸಿರಪ್ ಒಯ್ಯುತ್ತಿದ್ದರು. ಯಾರಿಗೆಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ನಾನು ಮಾತ್ರೆಯ ಪಟ್ಟಿ ತಿರುಗಿಸಿ ಹೆಸರು ಓದಿದೆ. ಆ ಜಾತಿಯ ಬಿ.ಪಿ. ಮಾತ್ರೆ ಕೆಲವರಿಗೆ ಒಣಕೆಮ್ಮು ತರಿಸುತ್ತದೆ. ಡಿಪ್ಲೊಮಾ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸಾಲು, ಇಷ್ಟು ವರ್ಷಗಳ ಮೇಲೆ ಪ್ಯಾಂಟು ಶರಟು ತೊಟ್ಟು ನನ್ನೆದುರು ಕೂತು ಕೆಮ್ಮುತ್ತಿತ್ತು.

"ಈ ಮಾತ್ರೆ ಶುರುವಾಗಿದ್ದು?"

ಅವರು ಸೂರು ನೋಡಿ ಯೋಚಿಸಿದರು. "ಅದೂ ಯುಗಾದಿ ಸುಮಾರೇ ಕಣಮ್ಮ. ಯಾಕೆ?"

ಮೂಲೆಯಲ್ಲಿದ್ದ ಕೆನಡಾದಾಕೆಗೆ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತುಬಿಟ್ಟರು.

"ನೀವಾಗಿ ನಿಲ್ಲಿಸಬೇಡಿ. ಇವತ್ತೇ ಡಾಕ್ಟ್ರ ಹತ್ರ ಹೋಗಿ, ಈ ಮಾತ್ರೆ ಶುರುವಾದ ಮೇಲೆ ಕೆಮ್ಮು ಬಂತು ಅಂತ ಹೇಳಿ. ಅಷ್ಟು ಹೇಳಿದ್ರೆ ಸಾಕು," ಎಂದೆ.

"ಮಾತ್ರೆ ತಿಂದ್ರೆ ಎಲ್ಲಾದ್ರೂ ಕೆಮ್ಮು ಬತ್ತದಾ?" ಎಂದು ಅನುಮಾನದಲ್ಲೇ ಹೋದರು. ಸಂಜೆ ಬೇರೆ ಮಾತ್ರೆಯ ಚೀಟಿ ಹಿಡಿದು ಬಂದರು. ಡಾಕ್ಟರು, ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿದರಂತೆ.

ಆ ಸಂಜೆ ಬಾಗಿಲು ಹಾಕುವಾಗ ನಾನು ಕೆನಡಾದಾಕೆಗೆ, "ನಿಮ್ಮಲ್ಲಾಗಿದ್ದರೆ ಇದು ಮೊದಲ ತಿಂಗಳೇ ಗೊತ್ತಾಗುತ್ತಿತ್ತು," ಎಂದೆ. ಆಕೆ ಇಲ್ಲವೆಂದು ತಲೆಯಾಡಿಸಿದರು. ಅಲ್ಲಿ ಕೆಮ್ಮಿನ ಸಿರಪ್ಪನ್ನು ಕಪಾಟಿನಿಂದ ಗಿರಾಕಿಗಳೇ ಎತ್ತಿಕೊಂಡು, ಬೆಲೆ ಓದುವ ಯಂತ್ರದ ಮುಂದೆ ಹಿಡಿದು ದುಡ್ಡು ಕೊಟ್ಟು ಹೋಗುತ್ತಾರಂತೆ. ಚಾಲಕರ ಹೆಂಡತಿ ಸಿರಪ್ ಒಯ್ದದ್ದು ಅಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. "ಮಾತ್ರೆ ಶುರುವಾದಾಗ ಯಾರಾದರೂ ಕೂರಿಸಿ ಹೇಳಿದ್ದರೆ ಸರಿ. ಇಲ್ಲದಿದ್ದರೆ ಅಲ್ಲೂ ಕೆಮ್ಮುತ್ತಲೇ ಇರುತ್ತಿದ್ದರು," ಎಂದರು. ಹಾಗೆಂದು ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಆಕೆ ತಮ್ಮ ಊರಿಗೆ ಹೊರಟಾಗ, ನೆನಪಿಗೆ ಏನು ಬೇಕೆಂದು ಕೇಳಿದೆ. ನನ್ನ ಕಾಗದದ ಕವರುಗಳ ಒಂದು ಕಟ್ಟು ಸಾಕೆಂದರು. ಸ್ಟೂಲುಗಳು ಈಗಲೂ ಅಲ್ಲೇ ಇವೆ. ಕೆಲವರು ಕೂರುತ್ತಾರೆ, ಕೆಲವರು "ನಿಂತೇ ಹೇಳಿಬುಡಿ" ಎನ್ನುತ್ತಾರೆ. ಮೂಲವ್ಯಾಧಿಯನ್ನು ಮಾತ್ರ ನಾನು ಕೂಗುವುದಿಲ್ಲ.

ಹೊಸ ಮಾತ್ರೆ ಶುರುವಾಗಿ ಸ್ವಲ್ಪ ದಿನಗಳಾದ ಮೇಲೆ ಚಾಲಕರ ಹೆಂಡತಿ ಬಂದಿದ್ದರು. ಸಿರಪ್ ಬೇಡವೆಂದರು. ಕೆಮ್ಮು ಹೋಯಿತೇ ಎಂದು ಕೇಳಿದೆ.

"ಪೂರಾ ಹೋಯ್ತು ಕಣಮ್ಮ. ಒಂದೇ ಕಷ್ಟ. ಮೊದ್ಲು ಗೇಟ್ ತಾವ ಕೆಮ್ಮಿದ್ರೆ, ಬಂದ್ರು ಅಂತ ಸಾರು ಬಿಸಿಗಿಡ್ತಿದ್ದೆ. ಈಗ ಬೆಕ್ಕಿನಂಗೆ ಬಂದು ಹಿಂದೆ ನಿಂತ್ಬುಟ್ಟಿರ್ತಾರೆ!"